ಮಾಯದ ನೋವು ಮತ್ತು ಮೆದುಳು

ವರ್ಷಗಟ್ಟಲೆ ಸೊಂಟನೋವಿನಿಂದ ನರಳುವವರ ತಪಾಸಣೆಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣದಿದ್ದರೆ, ‘ಎಲ್ಲ ಮನಸ್ಸಿನ ಭ್ರಮೆ’ ಎಂಬ ಮಾತು ಸುತ್ತಲಿನವರ ಬಾಯಿಗೆ ಬಂದುಬಿಡುತ್ತದೆ. ನೊಂದವರಿಗೆ ಇದು ನೋವಿನ ಮೇಲೊಂದು ಬರೆ. ಈ ಮಾತನ್ನು ನಾವು ಬಿಡಬೇಕು. ಅದು ನಿರ್ದಯವಾದುದಷ್ಟೇ ಅಲ್ಲ, ಸತ್ಯಕ್ಕೂ ದೂರವಾದುದು.

ಕಾಲಿಗೆ ಮುಳ್ಳು ಚುಚ್ಚಿದಾಗ ನರಗಳು ಒಯ್ಯುವುದು ಅಪಾಯದ ಸೂಚನೆಯನ್ನು ಮಾತ್ರ. ಅದನ್ನು ತೂಗಿನೋಡಿ ನೋವಿನ ಅನುಭವವಾಗಿಸುವುದು ಮೆದುಳು. ಬರುವ ಸೂಚನೆಗಳನ್ನು ಬೆನ್ನುಹುರಿಯಲ್ಲಿಯೇ ತಗ್ಗಿಸುವ ಇಲ್ಲವೆ ಹೆಚ್ಚಿಸುವ ಬಾಗಿಲಿನಂಥ ವ್ಯವಸ್ಥೆಯಿದೆಯೆಂದೂ, ಅದರ ಮೇಲೆ ಮೆದುಳಿನ ಹಿಡಿತವಿದೆಯೆಂದೂ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಕಾಲು ಕಳೆದುಕೊಂಡವರಿಗೆ ಇಲ್ಲದ ಆ ಕಾಲೇ ನೋಯುವುದುಂಟು. ಅಂಗವೇ ಇಲ್ಲದಿರುವಾಗಲೂ ನೋವು ನಿಜವಾಗಿಯೇ ಇರುತ್ತದೆ.

3 ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲೀನ ನೋವು ಎನ್ನುತ್ತಾರೆ. ಸಂಧಿವಾತದಂಥ ಕಾಯಿಲೆ ಅದಕ್ಕೆ ಕಾರಣವಾಗಿರಬಹುದು. ಆದರೆ ಎಷ್ಟೋ ಜನರಲ್ಲಿ ಗಾಯ ಮಾಯ್ದ ಮೇಲೂ ನರಮಂಡಲದ ಎಚ್ಚರ ಇಳಿಯುವುದಿಲ್ಲ. ಗಾಳಿಗೆ ಎಲೆ ಅಲುಗಿದರೂ ಬೊಗಳುವ ಕಾವಲುನಾಯಿಯಂತೆ ಅದು ಸಣ್ಣ ಚಲನೆಯನ್ನೂ ಅಪಾಯವೆಂದು ಸಾರುತ್ತದೆ. ಭಯ, ಚಿಂತೆ, ನಿದ್ರಾಹೀನತೆಗಳು ಈ ಎಚ್ಚರವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಎಂ.ಆರ್.ಐ. ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂದು ಓದಿ ಹಾಸಿಗೆ ಹಿಡಿಯುವವರು ಒಂದು ಸಂಗತಿಯನ್ನು ತಿಳಿಯಬೇಕು: ಯಾವ ನೋವೂ ಇಲ್ಲದವರ ಬೆನ್ನಿನಲ್ಲಿಯೂ ಇಂಥ ಸವೆತ ವಯಸ್ಸಿನೊಂದಿಗೆ ಸಹಜವಾಗಿಯೇ ಕಾಣಿಸುತ್ತದೆ.

ಮೆದುಳು ಕಲಿತದ್ದನ್ನು ಮರೆಯಲೂ ಬಲ್ಲದು. ಅಮೆರಿಕದ ಕೊಲರಾಡೊದಲ್ಲಿ ದೀರ್ಘಕಾಲದ ಬೆನ್ನುನೋವಿನ 151 ಮಂದಿಯನ್ನು ಒಳಗೊಂಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನೋವಿನ ಅರ್ಥವನ್ನು ತಿಳಿಸಿ, ಚಲನೆಯ ಭಯವನ್ನು ನೀಗಿಸುವ ಮಾತುಕತೆಯ ಚಿಕಿತ್ಸೆಯನ್ನು 4 ವಾರ ಪಡೆದವರಲ್ಲಿ ಶೇ. 66ರಷ್ಟು ಮಂದಿ ನೋವಿನಿಂದ ಪೂರ್ಣವಾಗಿ ಇಲ್ಲವೆ ಬಹುಪಾಲು ಮುಕ್ತರಾದರು. ಎಂದಿನ ಚಿಕಿತ್ಸೆಯನ್ನಷ್ಟೇ ಮುಂದುವರಿಸಿದವರಲ್ಲಿ ಈ ಪ್ರಮಾಣ ಶೇ. 10 ಮಾತ್ರ. ಎಲ್ಲ ನೋವಿಗೂ ಇದೇ ಮದ್ದಲ್ಲ. ಆದರೆ ಗುಣವಾಗುವ ದಾರಿ ಇದೆಯೆಂಬುದಕ್ಕೆ ಇದು ಸಾಕ್ಷಿ.

ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಬಲಹೀನತೆ, ಮಲಮೂತ್ರಗಳ ಹತೋಟಿ ತಪ್ಪುವುದು ಕಂಡರೆ ತಡಮಾಡಬಾರದು. ಗಂಭೀರ ದೋಷವಿಲ್ಲವೆಂದು ಖಚಿತವಾದ ಮೇಲೆ ನಿತ್ಯವೂ ಸ್ವಲ್ಪ ನಡಿಗೆ, ವಾರವಾರಕ್ಕೂ ತುಸು ಹೆಚ್ಚಳ, ಹೊತ್ತಿಗೆ ಸರಿಯಾದ ನಿದ್ರೆ, ಇಷ್ಟದ ಕೆಲಸ ಇವೇ ಮೆದುಳಿಗೆ ಅಭಯವಚನ.

ಕಾಯಕವನ್ನು ಬದುಕಿನ ಕೇಂದ್ರವಾಗಿಸಿದ ಪರಂಪರೆ ನಮ್ಮದು. ಆದರೆ ‘ಎದ್ದು ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂದು ಗದರಿಸಲು ಕಾಯಕದ ಹೆಸರನ್ನು ಬಳಸುವುದು ತರವಲ್ಲ. ನೊಂದವರ ಮಾತನ್ನು ನಂಬಿ, ಅವರ ಜೊತೆಗೆ ನಾಲ್ಕು ಹೆಜ್ಜೆ ನಡೆಯಬೇಕು. ಮಠಗಳ ಆರೋಗ್ಯ ಶಿಬಿರಗಳಲ್ಲಿ ಮಾತ್ರೆಯೊಂದಿಗೆ ಈ ತಿಳಿವಳಿಕೆಯೂ ದೊರೆಯುವಂತಾಗಬೇಕು. ಅರಿವನ್ನು ಹಂಚುವುದೂ ದಾಸೋಹವೇ.