ಹೊಳೆಯ ಅಗಲ ಅಳೆದು ಸೇತುವೆ ಕಟ್ಟೋಣ
ತಂತ್ರಾಂಶ ಜೋಡಣೆಯ ಕ್ಲೌಡ್ ವೇದಿಕೆಗಳ ಕುರಿತು ಒಂದು ಅಭಿಪ್ರಾಯ

1906ರಲ್ಲಿ ಮತ್ತು 1925ರಲ್ಲಿ ಉಡುಪಿಯಲ್ಲಿಯೇ ಜನ್ಮ ತಳೆದ ಎರಡು ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಂದಿಗೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೂ ಸೇರಿಹೋದಾಗ ಈ ಜಿಲ್ಲೆಯ ಜನರ ಮನಸ್ಸಿಗಾದ ನೋವು ಒಂದು ವಿಚಾರ. ವ್ಯಾಪಾರಿಗಳಾದ ನಮಗೆ ಎದುರಾದ ಕೆಲಸ ಮತ್ತೊಂದು. 2021ರ ಜುಲೈ 1ರಿಂದ ಸಿಂಡಿಕೇಟ್ ಶಾಖೆಗಳ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ನಿಂತುಹೋದವು. ಕಾರ್ಕಳದ ನಮ್ಮ ಗೇರುಬೀಜ ಕಾರ್ಖಾನೆಯಲ್ಲಿ ಆ ಒಂದು ಸಂಕೇತವನ್ನು ಎಲ್ಲೆಲ್ಲಿ ಬರೆದಿದ್ದೇವೆಂದು ಹುಡುಕುತ್ತಾ ಹೋದರೆ ಲೆಕ್ಕದ ತಂತ್ರಾಂಶ, ಬಿಲ್ಲಿನ ನಮೂನೆ, ಜಿ.ಎಸ್.ಟಿ. ಖಾತೆ, ಖರೀದಿದಾರರ ಪಟ್ಟಿಗಳು ಎಂದು ಒಂಬತ್ತು ಕಡೆ ಸಿಕ್ಕಿತು. ಹತ್ತನೆಯದು ಸಿಕ್ಕಿದ್ದು ಖರೀದಿದಾರರೊಬ್ಬರು ಕಳುಹಿಸಿದ ಹಣ ಮರಳಿ ಹೋದ ಮೇಲೆಯೇ.

ಒಂದು ಮಾಹಿತಿಯನ್ನು ಹತ್ತು ಕಡೆ ಕೈಯಿಂದ ಬರೆಯುವ ಪದ್ಧತಿಗೆ ನಾವು ತೆರುವ ಬೆಲೆ ಇದು. ಈ ಬೆಲೆಯನ್ನು ತಪ್ಪಿಸುವುದಾಗಿ ಹೇಳಿಕೊಂಡು ಹಲವು ಕ್ಲೌಡ್ ವೇದಿಕೆಗಳ ಮಾರಾಟಗಾರರು ಇಂದು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಇವುಗಳಲ್ಲಿ ಯಾವುದು ಉತ್ತಮವೆಂದು ಸದಸ್ಯ ಬಾಂಧವರು ಕೇಳುವುದುಂಟು. ಆ ಪ್ರಶ್ನೆಗೆ ಮೊದಲು ನಮ್ಮ ಅಗತ್ಯವನ್ನು ಅಳೆಯಬೇಕು, ವೇದಿಕೆಯನ್ನು ಬಳಿಕ ಹೋಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎರಡು ಬೇರೆ ಬೇರೆ ಸರಕುಗಳು

ಎಪಿಐ ಎಂಬುದು ಒಂದು ತಂತ್ರಾಂಶವು ಇನ್ನೊಂದು ತಂತ್ರಾಂಶದೊಡನೆ ಗೊತ್ತುಪಡಿಸಿದ ನಮೂನೆಯಲ್ಲಿ ವ್ಯವಹರಿಸುವ ಕಿಟಕಿ. ಬ್ಯಾಂಕಿನ ಕೌಂಟರಿನಲ್ಲಿ ನಿಗದಿತ ಚಲನ್ ತುಂಬಿ ಕೊಟ್ಟರೆ ರಶೀದಿ ದೊರೆಯುವಂತೆ, ಇಲ್ಲಿಯೂ ಸರಿಯಾದ ನಮೂನೆಯಲ್ಲಿ ಕೇಳಿದರೆ ಮಾತ್ರ ಉತ್ತರ ಬರುತ್ತದೆ.

ಈ ಕಿಟಕಿಗಳ ಸುತ್ತ ಎರಡು ಬಗೆಯ ಸೇವೆಗಳು ಮಾರಾಟವಾಗುತ್ತಿವೆ. ನಿಮ್ಮದೇ ಕಿಟಕಿಯನ್ನು ನೂರಾರು ಹೊರಗಿನವರು ಬಳಸುವಾಗ ಯಾರಿಗೆ ಪ್ರವೇಶ, ಎಷ್ಟು ಸಲ, ಯಾವ ದರಕ್ಕೆ ಎಂದು ಕಾವಲು ಕಾಯುವುದು ಮೊದಲನೆಯದು. ಇದಕ್ಕೆ ಎಪಿಐ ನಿರ್ವಹಣೆ ಎಂದು ಹೆಸರು. ಗೂಗಲ್ 2016ರಲ್ಲಿ ಕೊಂಡುಕೊಂಡ ಅಪಿಜೀ, ಅಮೆಜಾನಿನ ಎಪಿಐ ಗೇಟ್‌ವೇ, ಮೈಕ್ರೋಸಾಫ್ಟಿನ ಅಝೂರ್ ಎಪಿಐ ಮ್ಯಾನೇಜ್‌ಮೆಂಟ್, ಮುಕ್ತ ತಂತ್ರಾಂಶವಾಗಿ ಬೆಳೆದ ಕಾಂಗ್, ಶ್ರೀಲಂಕಾ ಮೂಲದ ಡಬ್ಲ್ಯು.ಎಸ್.ಓ.2 ಇವೆಲ್ಲ ಈ ವರ್ಗಕ್ಕೆ ಸೇರಿದವು. ನೀವು ಬಳಸುವ ನಾಲ್ಕಾರು ತಂತ್ರಾಂಶಗಳ ನಡುವೆ ಮಾಹಿತಿಯನ್ನು ತಾನಾಗಿಯೇ ಸಾಗಿಸುವುದು ಎರಡನೆಯದು. ಝೇಪಿಯರ್, ಝೋಹೋ ಫ್ಲೋ, ಎನ್8ಎನ್, ಬೂಮಿ, ಅಝೂರ್ ಲಾಜಿಕ್ ಆ್ಯಪ್ಸ್ ಮುಂತಾದುವು ಈ ಕೆಲಸ ಮಾಡುತ್ತವೆ. 2018ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆಯ ಪಾಲಾದ ಮ್ಯೂಲ್‌ಸಾಫ್ಟ್ ಎರಡನ್ನೂ ಮಾಡುತ್ತದೆ. ಅದರ ದರವೂ ದೊಡ್ಡ ಉದ್ಯಮಗಳಿಗೆ ಹೊಂದುವಂಥದ್ದು.

ಉಡುಪಿ, ಕಾಪು, ಕಾರ್ಕಳಗಳ ಸಗಟು ವ್ಯಾಪಾರಿಗೆ ಅಥವಾ ಸಣ್ಣ ಉತ್ಪಾದಕನಿಗೆ ಮೊದಲನೆಯ ಸರಕಿನ ಅವಶ್ಯಕತೆ ಸಾಮಾನ್ಯವಾಗಿ ಇರುವುದಿಲ್ಲ. ನಾವು ಕಿಟಕಿ ತೆರೆದು ಕುಳಿತವರಲ್ಲ. ಸರ್ಕಾರದ, ಬ್ಯಾಂಕಿನ, ಖರೀದಿದಾರರ ಕಿಟಕಿಗಳ ಮುಂದೆ ನಿಲ್ಲುವವರು. ಹೀಗಿರುವಾಗ ಕಾವಲುಗಾರನಿಗೆ ವರ್ಷಪೂರ್ತಿ ಸಂಬಳ ಕೊಡುವುದರಲ್ಲಿ ಅರ್ಥವಿಲ್ಲ.

ಕಾನೂನಿನ ಒತ್ತಡ

ಹಾಗೆಂದು ಜೋಡಣೆಯೇ ಬೇಡವೆನ್ನಲು ಸಾಧ್ಯವಿಲ್ಲ. ಇ-ಇನ್ವಾಯ್ಸ್ ನಿಯಮವು 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಅನ್ವಯವಾಗಿ ಆರಂಭಗೊಂಡು, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರನ್ನೂ ಒಳಗೊಂಡಿತು. ಈ ಮಿತಿಗೆ ಒಳಪಟ್ಟವರು ನೋಂದಾಯಿತ ಖರೀದಿದಾರರಿಗೆ ನೀಡುವ ಬಿಲ್ಲಿಗೆ ಸರ್ಕಾರಿ ಪೋರ್ಟಲಿನಿಂದ ಐ.ಆರ್.ಎನ್. ಸಂಖ್ಯೆ ಪಡೆಯದಿದ್ದರೆ ಆ ಬಿಲ್ಲು ಕಾನೂನಿನ ದೃಷ್ಟಿಯಲ್ಲಿ ಬಿಲ್ಲೇ ಅಲ್ಲ. 10 ಕೋಟಿ ಮತ್ತು ಅದಕ್ಕೂ ಹೆಚ್ಚಿನ ವಹಿವಾಟಿನವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ಅದನ್ನು ಪೋರ್ಟಲಿಗೆ ಒಪ್ಪಿಸಲೇಬೇಕು. ತಪ್ಪಿದಲ್ಲಿ ಖರೀದಿದಾರನ ತೆರಿಗೆ ಜಮೆಗೆ ತೊಂದರೆಯಾಗುತ್ತದೆ, ಆತ ನಮ್ಮ ಹಣ ತಡೆಹಿಡಿಯುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಮ್ಮ ಅಗತ್ಯವು ಇ-ಇನ್ವಾಯ್ಸ್ ಮತ್ತು ಇ-ವೇ ಬಿಲ್ಲಿಗೆ ಸೀಮಿತವಾಗಿದ್ದರೆ ಯಾವ ವೇದಿಕೆಯನ್ನೂ ಕೊಳ್ಳಬೇಕಾಗಿಲ್ಲ. ಟ್ಯಾಲಿ ಪ್ರೈಮ್, ಝೋಹೋ ಬುಕ್ಸ್ ಮುಂತಾದ ಲೆಕ್ಕದ ತಂತ್ರಾಂಶಗಳಲ್ಲಿ ಈ ಸೌಲಭ್ಯ ಒಳಗೇ ಇದೆ. ದಾಸ್ತಾನು ಒಂದು ತಂತ್ರಾಂಶದಲ್ಲಿ, ಲೆಕ್ಕ ಇನ್ನೊಂದರಲ್ಲಿ, ಅಂತರಜಾಲದ ಆರ್ಡರುಗಳು ಮೂರನೆಯದರಲ್ಲಿ ಇದ್ದು, ಗುಮಾಸ್ತರು ಸಂಜೆಯವರೆಗೆ ಒಂದನ್ನು ನೋಡಿ ಇನ್ನೊಂದಕ್ಕೆ ಬರೆಯುತ್ತಿದ್ದರೆ ಮಾತ್ರ ಮುಂದಿನ ಲೆಕ್ಕಾಚಾರ ನಿಮಗೆ ಪ್ರಯೋಜನಕಾರಿ.

ದರಪಟ್ಟಿಯನ್ನು ಓದುವ ಬಗೆ

ದಿನಕ್ಕೆ 120 ಬಿಲ್ಲು ಹಾಕುವ ಒಬ್ಬ ಸಗಟು ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ತಿಂಗಳಿಗೆ 26 ಕೆಲಸದ ದಿನಗಳಾದರೆ 3,120 ಬಿಲ್ಲುಗಳು. ಪ್ರತಿ ಬಿಲ್ಲಿಗೆ ಇ-ಇನ್ವಾಯ್ಸ್, ಇ-ವೇ ಬಿಲ್, ದಾಸ್ತಾನು ಕಡಿತ, ಖರೀದಿದಾರನಿಗೆ ಸಂದೇಶ ಎಂದು ನಾಲ್ಕು ಕ್ರಿಯೆಗಳೆಂದರೆ ತಿಂಗಳಿಗೆ 12,480 ಆಯಿತು.

ಅಮೆಜಾನಿನ ಗೇಟ್‌ವೇಯಲ್ಲಿ ದರ ಹತ್ತು ಲಕ್ಷ ಕರೆಗಳಿಗೆ ಕೆಲವೇ ಡಾಲರುಗಳು. ಮೇಲಿನ ವ್ಯಾಪಾರಿಗೆ ಹತ್ತು ಲಕ್ಷ ಮುಟ್ಟಲು ಆರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಂದರೆ ಶುಲ್ಕ ನಗಣ್ಯ. ಆದರೆ ಅದು ಬರಿಯ ಕೊಳವೆ. ಅದಕ್ಕೆ ನಲ್ಲಿ ಜೋಡಿಸಲು ತಜ್ಞರೊಬ್ಬರು ಬೇಕು, ಅವರ ಸಂಭಾವನೆಯೇ ನಿಜವಾದ ವೆಚ್ಚ. ಝೇಪಿಯರಿನಲ್ಲಿ ತಜ್ಞರ ಅಗತ್ಯ ಕಡಿಮೆ; ಆದರೆ ಅಲ್ಲಿ ಪ್ರತಿ ಕ್ರಿಯೆಯೂ ಒಂದು ಎಣಿಕೆಯಾದ್ದರಿಂದ 12,480ಕ್ಕೂ ಹಣ ತೆರಬೇಕು. ಎನ್8ಎನ್ ಸೇವೆಯಲ್ಲಿ ಆರಂಭದಿಂದ ಅಂತ್ಯದವರೆಗಿನ ಇಡೀ ಸರಣಿಯನ್ನು ಒಂದೆಂದು ಎಣಿಸುವುದರಿಂದ ಅದೇ ಕೆಲಸ 3,120 ಆಗುತ್ತದೆ. ಅದನ್ನು ನಮ್ಮದೇ ಗಣಕಯಂತ್ರದಲ್ಲಿ ಸ್ಥಾಪಿಸಿಕೊಳ್ಳಲೂ ಅವಕಾಶವಿದೆ. ಆಗ ಅದರ ಪಾಲನೆಯ ಹೊಣೆ ನಮ್ಮದು. ಮ್ಯೂಲ್‌ಸಾಫ್ಟ್‌ನಲ್ಲಿ ವಾರ್ಷಿಕ ಒಪ್ಪಂದ, ಮಾತುಕತೆಯಿಂದ ಗೊತ್ತಾಗುವ ದರ.

ಒಬ್ಬನು ಕ್ವಿಂಟಾಲಿಗೆ, ಇನ್ನೊಬ್ಬನು ಚೀಲಕ್ಕೆ, ಮತ್ತೊಬ್ಬನು ಲಾರಿಗೆ ದರ ಹೇಳಿದರೆ ನಾವು ಎಲ್ಲವನ್ನೂ ಒಂದೇ ಮಾಪಕ್ಕೆ ತಂದು ಹೋಲಿಸುತ್ತೇವೆ. ಇಲ್ಲಿಯೂ ಹಾಗೆಯೇ, ಒಂದು ಬಿಲ್ಲಿಗೆ ಎಷ್ಟು ಬೀಳುತ್ತದೆ ಎಂಬ ಒಂದೇ ಮಾಪವನ್ನು ಹಿಡಿದು ಕೇಳಬೇಕು. ತಜ್ಞರ ಸಂಭಾವನೆ ಸೇರಿಸಿ ಲೆಕ್ಕ ಹಾಕಬೇಕು.

ವೇದಿಕೆಗೆ ತಿಳಿಯದ ಸಂಗತಿಗಳು

ಅತ್ಯಂತ ದುಬಾರಿ ವೇದಿಕೆಯೂ ಸರಿಪಡಿಸಲಾರದ ದೋಷವೊಂದಿದೆ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಇಲ್ಲಿನವರಿಗೆ ಬಾಯಿಪಾಠ. ಮುಂಬಯಿಯ ಖರೀದಿದಾರನ ತಂತ್ರಾಂಶಕ್ಕೆ ನಗವೆಂದರೆ ಚೆಂಡೋ ಅಟ್ಟೆಯೋ ಎಂದು ಹೇಳಿಕೊಡದ ಹೊರತು ತಿಳಿಯುವುದಿಲ್ಲ.

ಇಂಥದೇ ಪ್ರಸಂಗ ನಮ್ಮಲ್ಲಿಯೂ ನಡೆಯಿತು. ಗೇರು ತಿರುಳಿನ ಒಂದು ಡಬ್ಬಿ 25 ಪೌಂಡು, ಅಂದರೆ 11.34 ಕಿಲೋ, ಎರಡು ಡಬ್ಬಿಗಳಿಗೆ ಒಂದು ಪೆಟ್ಟಿಗೆ, 22.68 ಕಿಲೋ. ಖರೀದಿದಾರರೊಬ್ಬರು ಡಬ್ಲ್ಯು 320 ದರ್ಜೆಯ ತಿರುಳನ್ನು 100 ನಗವೆಂದು ಆರ್ಡರು ಕಳುಹಿಸಿದರು. ಅವರ ಲೆಕ್ಕದಲ್ಲಿ ನಗವೆಂದರೆ ಡಬ್ಬಿ, ನಮ್ಮ ತಂತ್ರಾಂಶದಲ್ಲಿ ಪೆಟ್ಟಿಗೆ. ಹೊಸದಾಗಿ ಮಾಡಿಸಿದ ಜೋಡಣೆ ಬಹು ಚುರುಕಾಗಿ 1,134 ಕಿಲೋವನ್ನು 2,268 ಕಿಲೋ ಮಾಡಿ, ಇ-ಇನ್ವಾಯ್ಸನ್ನೂ ಇ-ವೇ ಬಿಲ್ಲನ್ನೂ ಕ್ಷಣಮಾತ್ರದಲ್ಲಿ ಸೃಷ್ಟಿಸಿಬಿಟ್ಟಿತು. ಲೋಡು ಮಾಡುವಾಗ ಗೋದಾಮಿನ ಮೇಸ್ತ್ರಿಗೆ ಸಂಶಯ ಬಂದುದರಿಂದ ಬಚಾವಾದೆವು. ರದ್ದುಪಡಿಸಲು ಇರುವ 24 ಗಂಟೆಗಳ ಅವಧಿಯೊಳಗೆ ಮೊದಲು ಇ-ವೇ ಬಿಲ್ಲನ್ನು, ಬಳಿಕ ಇ-ಇನ್ವಾಯ್ಸನ್ನು ರದ್ದುಗೊಳಿಸಿ, ಹೊಸ ಸಂಖ್ಯೆಯ ಬಿಲ್ಲು ಹಾಕಿದೆವು. ಕೈಬರಹದ ಕಾಲದಲ್ಲಿ ಈ ತಪ್ಪು ಗುಮಾಸ್ತರ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಿತ್ತು. ಯಂತ್ರವು ಕೆಲಸವನ್ನು ವೇಗವಾಗಿ ಮಾಡುತ್ತದೆ, ತಪ್ಪನ್ನೂ ಅಷ್ಟೇ ವೇಗವಾಗಿ ಮಾಡುತ್ತದೆ.

ಆದ್ದರಿಂದ ಯಾವ ವೇದಿಕೆಗೂ ಮುಂಗಡ ಕೊಡುವ ಮೊದಲು ಸರಕುಗಳ ಹೆಸರು, ಮಾಪ, ಎಚ್.ಎಸ್.ಎನ್. ಸಂಖ್ಯೆ, ಖರೀದಿದಾರರ ಜಿ.ಎಸ್.ಟಿ. ಸಂಖ್ಯೆ ಇವುಗಳ ಒಂದೇ ಒಂದು ಶುದ್ಧ ಪಟ್ಟಿಯನ್ನು ಸಿದ್ಧಪಡಿಸಬೇಕು. ಈ ಕೆಲಸಕ್ಕೆ ಹಣ ಬೇಡ, ಮಾಲಿಕರ ಸಮಯ ಬೇಕು.

ಮಳೆಗಾಲವೂ ಬೀಗದ ಕೈಯೂ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯಲ್ಲಿ ವಿದ್ಯುತ್ತು ಮತ್ತು ಅಂತರಜಾಲ ಹೇಗಿರುತ್ತವೆಂದು ಹೇಳಬೇಕಾಗಿಲ್ಲ. ಸಂಪರ್ಕ ನಡುವೆ ಕಡಿದರೆ ಜೋಡಣೆಯು ಮತ್ತೊಮ್ಮೆ ಪ್ರಯತ್ನಿಸುತ್ತದೆ. ಐ.ಆರ್.ಎನ್. ಎಂಬುದು ಮಾರಾಟಗಾರನ ಜಿ.ಎಸ್.ಟಿ. ಸಂಖ್ಯೆ, ಬಿಲ್ಲಿನ ಸಂಖ್ಯೆ, ಬಗೆ ಮತ್ತು ಆರ್ಥಿಕ ವರ್ಷದಿಂದ ಹುಟ್ಟುವುದರಿಂದ ಅದೇ ಬಿಲ್ಲು ಎರಡನೆಯ ಸಲ ಹೋದರೆ ಪೋರ್ಟಲು ನಿರಾಕರಿಸುತ್ತದೆ. ಆದರೆ ನಮ್ಮ ದಾಸ್ತಾನು ತಂತ್ರಾಂಶಕ್ಕೆ ಈ ಬುದ್ಧಿ ಇರಬೇಕೆಂದೇನೂ ಇಲ್ಲ. ಅದು ಸರಕನ್ನು ಎರಡು ಸಲ ಕಡಿತಗೊಳಿಸಬಹುದು. ಆದ್ದರಿಂದ ಪ್ರಾತ್ಯಕ್ಷಿಕೆ ತೋರಿಸಲು ಬಂದವರ ಎದುರೇ ಕೆಲಸದ ನಡುವೆ ಅಂತರಜಾಲದ ತಂತಿಯನ್ನು ಕಿತ್ತು, ಮತ್ತೆ ಸಿಕ್ಕಿಸಿ, ದಾಸ್ತಾನು ನೋಡಿರಿ. ಹತ್ತು ಪುಟಗಳ ಕೈಪಿಡಿಗಿಂತ ಈ ಒಂದು ಪರೀಕ್ಷೆ ಹೆಚ್ಚು ತಿಳಿಸುತ್ತದೆ.

ಇನ್ನು ಬೀಗದ ಕೈಯ ವಿಚಾರ. ಸರ್ಕಾರಿ ಪೋರ್ಟಲಿನಲ್ಲಿ ಎಪಿಐ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಸೃಷ್ಟಿಸುವ ಅಧಿಕಾರ ತೆರಿಗೆದಾರನದು. ಅನೇಕರು ಇದನ್ನು ತಂತ್ರಾಂಶ ಹಾಕಿಕೊಡುವವರಿಗೇ ಬಿಟ್ಟು ನಿಶ್ಚಿಂತರಾಗುತ್ತಾರೆ. ನಾನೂ ಹಾಗೆಯೇ ಇದ್ದೆ. ನಮ್ಮ ಜೋಡಣೆ ಮಾಡಿದಾತ ವೃತ್ತಿ ಬದಲಾಯಿಸಿ ಊರು ಬಿಟ್ಟಾಗ ಗುಪ್ತಪದಗಳೂ ಆತನೊಂದಿಗೇ ಹೋಗಿದ್ದವು. ಮೂರು ದಿನ ಲಾರಿಗಳು ಅಂಗಳದಲ್ಲಿಯೇ ನಿಂತವು. ಆತನದು ಅಪ್ರಾಮಾಣಿಕತೆಯಲ್ಲ, ತಿಜೋರಿಯ ಕೀಲಿಕೈಯನ್ನು ಇನ್ನೊಬ್ಬರ ಜೇಬಿನಲ್ಲಿ ಮರೆತವನು ನಾನು.

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯನ್ನು ಇಲ್ಲಿ ನೆನೆಯುವುದು ಉಚಿತ. ಸಂಗ್ರಾಹಕನು ಮನೆಮನೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಒಯ್ಯುತ್ತಿದ್ದ. ಠೇವಣಿದಾರನ ಕೈಯಲ್ಲಿ ಒಂದು ದಾಖಲೆ, ಬ್ಯಾಂಕಿನಲ್ಲಿ ಇನ್ನೊಂದು, ಎರಡೂ ತಾಳೆಯಾಗಬೇಕಿತ್ತು. ಸಂಗ್ರಾಹಕ ಬದಲಾದರೂ ಠೇವಣಿದಾರನ ದಾಖಲೆ ಅವನಲ್ಲಿಯೇ ಉಳಿಯುತ್ತಿತ್ತು. ಕ್ಲೌಡ್ ಜೋಡಣೆಯಿಂದ ನಾವು ನಿರೀಕ್ಷಿಸಬೇಕಾದುದೂ ಇದನ್ನೇ. ಬಿಟ್ಟುಹೋಗುವಾಗ ನಮ್ಮ ಮಾಹಿತಿ ಓದಬಲ್ಲ ನಮೂನೆಯಲ್ಲಿ ನಮಗೆ ದೊರೆಯುವುದೇ, ಎಷ್ಟು ದಿನಗಳಲ್ಲಿ ಎಂಬುದು ಒಪ್ಪಂದದಲ್ಲಿ ಬರೆದಿರಬೇಕು. ಗ್ರಾಹಕರ ದೂರವಾಣಿ ಸಂಖ್ಯೆಗಳೂ ಈ ಮಾರ್ಗದಲ್ಲಿಯೇ ಸಾಗುವುದರಿಂದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನಾವು ಗಮನದಲ್ಲಿಡಬೇಕು.

ಸಂಸ್ಥೆ ಮಾಡಬಹುದಾದ ಕೆಲಸ

1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಹೊರದೇಶಗಳ ಗ್ರಾಹಕರಿಗೆ ತಂತ್ರಾಂಶ ರಚಿಸಿತು. ಮಣಿಪಾಲ ಮತ್ತು ನಿಟ್ಟೆಯ ಮಹಾವಿದ್ಯಾಲಯಗಳಿಂದ ಪ್ರತಿ ವರ್ಷ ಎಂಜಿನಿಯರುಗಳು ಹೊರಬರುತ್ತಾರೆ. ಇಂಥ ಜಿಲ್ಲೆಯಲ್ಲಿ ಗುಮಾಸ್ತರು ಒಂದೇ ಬಿಲ್ಲನ್ನು ಮೂರು ಸಲ ಬರೆಯುತ್ತಿರುವುದು ವಿಪರ್ಯಾಸ. ಒಬ್ಬೊಬ್ಬ ಸದಸ್ಯನೂ ಪ್ರತ್ಯೇಕವಾಗಿ ತಜ್ಞರನ್ನು ನೇಮಿಸಿಕೊಳ್ಳಲಾರ. ಎಂಟು ಹತ್ತು ಮಂದಿ ಕೂಡಿದರೆ ಒಬ್ಬರನ್ನು ಪೂರ್ಣಾವಧಿಗೆ ಇಟ್ಟುಕೊಳ್ಳಬಹುದು. ನಮ್ಮ ವಾಣಿಜ್ಯ ಸಂಸ್ಥೆಯು ಈ ಕೂಟಕ್ಕೆ ಆಶ್ರಯ ನೀಡಲಿ. ಒಂದು ಮಾದರಿ ಒಪ್ಪಂದಪತ್ರವನ್ನು ವಕೀಲರಿಂದ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಲಿ. ಮಾರಾಟಗಾರರ ಭಾಷಣಗಳ ಬದಲಾಗಿ, ಸರಕುಪಟ್ಟಿ ಶುದ್ಧಪಡಿಸುವ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಲಿ.

ಹಂಚಿಕೊಂಡ ತಜ್ಞರಿಂದ ನಮ್ಮ ವ್ಯಾಪಾರದ ಗುಟ್ಟು ಪ್ರತಿಸ್ಪರ್ಧಿಗೆ ತಿಳಿಯದೇ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆತಂಕ. ಆದರೆ ನಮ್ಮಲ್ಲಿ ಅನೇಕರು ಒಬ್ಬರೇ ಲೆಕ್ಕಪರಿಶೋಧಕರ ಬಳಿಗೆ ಹೋಗುವವರೇ ಅಲ್ಲವೇ? ಗೌಪ್ಯತೆಯ ಕರಾರು, ಪ್ರತ್ಯೇಕ ಗುಪ್ತಪದಗಳು ಮತ್ತು ಪರಸ್ಪರ ವಿಶ್ವಾಸದಿಂದ ಅಲ್ಲಿ ಸಾಧ್ಯವಾದುದು ಇಲ್ಲಿಯೂ ಸಾಧ್ಯ.

ಒಟ್ಟಿನಲ್ಲಿ, ಬರಿಯ ತೆರಿಗೆ ಬಿಲ್ಲಿನ ಅಗತ್ಯವಿರುವವರು ಇರುವ ತಂತ್ರಾಂಶದಲ್ಲಿಯೇ ಮುಂದುವರಿಯಲಿ. ಮೂರು ನಾಲ್ಕು ತಂತ್ರಾಂಶಗಳ ನಡುವೆ ಸಿಲುಕಿದವರು ಸರಣಿಯ ಲೆಕ್ಕದಲ್ಲಿ ದರ ಹೇಳುವ ಸರಳ ಜೋಡಣೆಯನ್ನು ಮೊದಲು ಪರಿಶೀಲಿಸಲಿ. ದೊಡ್ಡ ಎಪಿಐ ವೇದಿಕೆಗಳ ವಿಚಾರ, ನಮ್ಮ ಕಿಟಕಿಯ ಮುಂದೆ ಇತರರು ಸಾಲು ನಿಲ್ಲುವ ದಿನ ಬಂದಾಗ ಇರಲಿ. ಆ ದಿನ ಬೇಗ ಬರಲೆಂದು ಹಾರೈಸುತ್ತಾ, ಅಲ್ಲಿಯವರೆಗೆ ಬೀಗದ ಕೈ ನಮ್ಮ ಸೊಂಟದಲ್ಲಿಯೇ ಇರಲೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇನೆ.