ಬದಲಿಸಿದವರು ಕಾರಣವನ್ನೂ ಬರೆಯಲಿ

ಆದವಾನಿ ಸೀಮೆಯ ನಮ್ಮ ಮಕ್ಕಳು ಇಂದು ದೂರದ ನಗರಗಳಲ್ಲಿ ತಂತ್ರಾಂಶ ಬರೆಯುತ್ತಿದ್ದಾರೆ. “ಕೋಡ್ ಓಡಿದರೆ ಸಾಕು, ಕಮಿಟ್ ಟಿಪ್ಪಣಿಯಲ್ಲಿ ಏನಿದ್ದರೇನು?” ಎಂಬ ಮಾತು ಅವರಲ್ಲಿ ಕೆಲವರ ಬಾಯಲ್ಲಿದೆ. ಈ ಮಾತನ್ನು ನಾವು ಒಪ್ಪಲಾರೆವು.

ಲಿನಕ್ಸ್ ಕರ್ನಲ್‌ನಲ್ಲಿ ಒಂದು ಸಾಲು ತಿದ್ದಿದರೂ ದೋಷವೇನು, ತಿದ್ದುಪಡಿ ಏಕೆ ಎಂದು ವಿವರಿಸಬೇಕು. 2004ರಿಂದ ಕಳಿಸಿದವರ ಹೆಸರಿನ ಸಹಿಸಾಲೂ ಇರಬೇಕು. ವಿವರಣೆ ಸಾಲದೆಂದು ಪರಿಶೀಲಕರು ಸರಿಯಾದ ಕೋಡನ್ನೂ ಹಿಂದಿರುಗಿಸುವುದುಂಟು. ಇದು ಹಟವಲ್ಲ. ಏನು ಬದಲಾಯಿತೆಂಬುದನ್ನು ಕೋಡೇ ತೋರಿಸುತ್ತದೆ. ಏಕೆ ಬದಲಾಯಿತೆಂಬುದನ್ನು ಟಿಪ್ಪಣಿಯೇ ಹೇಳಬೇಕು. ಹತ್ತು ವರ್ಷಗಳ ಮೇಲೆ ದೋಷ ಹುಡುಕುವವರಿಗೆ ‘ಸರಿಪಡಿಸಿದೆ’ ಎಂಬ ಒಂಟಿ ಪದದಿಂದ ಯಾವ ಉಪಕಾರ?

ಬರೆದವನು ಹೊಣೆ ಹೊರುವುದು ನಮ್ಮ ನೆಲಕ್ಕೆ ಹೊಸತಲ್ಲ. ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಲಿಪಿಕಾರ ಚಪಡನ ಹೆಸರಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಕ್ಷೆಯಲ್ಲಿ ಬದಲಾದದ್ದು ಒಂದು ಗೆರೆ, ‘ಏಕೆ?’ ಎಂಬ ಪ್ರಶ್ನೆ ನಮ್ಮ ಹಿರಿಯರ ಎದೆಯಲ್ಲಿ ಉಳಿದೇಹೋಯಿತು. ಕಾರಣ ಕೇಳುವ ಹಕ್ಕಿನ ಬೆಲೆ ಬಲ್ಲ ನಾವು, ಕಾರಣ ಹೇಳುವ ಹೊಣೆಯಿಂದ ನುಣುಚಿಕೊಳ್ಳುವುದು ತರವಲ್ಲ.

ನಮ್ಮ ಗಡಿನಾಡ ಶಾಲೆಗಳು ಮಕ್ಕಳಿಗೆ ತಮ್ಮ ಕೆಲಸದ ಕಾರಣವನ್ನು ನಾಲ್ಕು ಸಾಲು ತಿಳಿಗನ್ನಡದಲ್ಲಿ ಬರೆಯುವುದನ್ನು ಮೊದಲು ಕಲಿಸಲಿ. ಆ ಅಭ್ಯಾಸವಿದ್ದವರು ಯಾವ ಭಾಷೆಯಲ್ಲಿ ಟಿಪ್ಪಣಿ ಬರೆದರೂ ತಡವರಿಸರು.