‘ಸ್ಯಾತ್’ ಎಂದರೆ ‘ಬಹುಶಃ’ ಅಲ್ಲ

ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿಯೂ ಟ್ರಸ್ಟುಗಳು ಅಚ್ಚು ಹಾಕಿಸುವ ಕಿರುಹೊತ್ತಗೆಗಳಲ್ಲಿಯೂ ಒಂದು ಮಾತು ಹೆಮ್ಮೆಯಿಂದ ಕೇಳಿಬರುತ್ತದೆ: ಆಧುನಿಕ ಸಂಭವನೀಯತಾ ಸಿದ್ಧಾಂತವನ್ನು ಜೈನಾಚಾರ್ಯರು ಸ್ಯಾದ್ವಾದದ ರೂಪದಲ್ಲಿ ಎಂದೋ ಹೇಳಿದ್ದರು ಎಂಬುದೇ ಆ ಮಾತು. ಕೇಳಲು ಹಿತವಾದ ಇದು ಸತ್ಯವೂ ಅಲ್ಲ, ಧರ್ಮಕ್ಕೆ ಗೌರವವೂ ಅಲ್ಲ.

ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು 1954ರಲ್ಲಿ ಬರೆದ ಲೇಖನದಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರು ಸಪ್ತಭಂಗಿಯನ್ನು ಪ್ರಸ್ತಾಪಿಸಿದ್ದು ನಿಜ. 1957ರಲ್ಲಿ ಜೀವವಿಜ್ಞಾನಿ ಹಾಲ್ಡೇನರೂ ‘ಸಂಖ್ಯಾ’ ಪತ್ರಿಕೆಯಲ್ಲಿ ಅದನ್ನು ಚರ್ಚಿಸಿದರು. ಆ ವಿದ್ವಾಂಸರು ಕಂಡದ್ದು ಸಾದೃಶ್ಯವನ್ನು. ಅದನ್ನು ತಾದಾತ್ಮ್ಯವಾಗಿಸಿದವರು ವೇದಿಕೆಯ ಭಾಷಣಕಾರರು.

ನಾಣ್ಯವನ್ನು ಚಿಮ್ಮಿದಾಗ ಒಂದು ಮುಖ ಬೀಳುವ ಸಂಭವ ಅರ್ಧ, ಇನ್ನೊಂದರದು ಅರ್ಧ. ಒಂದು ಏರಿದರೆ ಮತ್ತೊಂದು ಇಳಿಯಲೇಬೇಕು. ಎರಡರ ಮೊತ್ತ ಯಾವಾಗಲೂ ಒಂದು. ಘಟದ ವಿಷಯ ಹಾಗಲ್ಲ. ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವಗಳಿಂದ ಘಟವು ಸಂಪೂರ್ಣವಾಗಿ ಇದೆ. ಪರದ್ರವ್ಯಾದಿಗಳಿಂದ ಅಷ್ಟೇ ಸಂಪೂರ್ಣವಾಗಿ ಇಲ್ಲ. ಇಲ್ಲಿ ಅರ್ಧವೆಲ್ಲಿ, ಕಾಲೆಲ್ಲಿ? ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ‘ಸ್ಯಾತ್’ ಎಂಬುದನ್ನು ಅನೇಕಾಂತವನ್ನು ಸೂಚಿಸುವ ನಿಪಾತವೆಂದಿದ್ದಾರೆ. ‘ಕಥಂಚಿತ್’ ಎಂಬುದೇ ಅದರ ಅರ್ಥ. ಜೈನ ತಾರ್ಕಿಕರು ಭಂಗಗಳಿಗೆ ‘ಏವ’ಕಾರವನ್ನೂ ಸೇರಿಸುತ್ತಾರೆ: ‘ಸ್ಯಾದಸ್ತ್ಯೇವ’. ‘ಬಹುಶಃ ಇದ್ದೇ ಇದೆ’ ಎಂದು ಬುದ್ಧಿಯುಳ್ಳವರು ಯಾರಾದರೂ ನುಡಿಯುವರೇ?

ಸ್ಯಾದ್ವಾದವು ಅನಿಶ್ಚಯದ ಮಾತು, ಸಂಶಯದಂತೆ ಅಪ್ರಮಾಣ ಎಂದು ಬ್ರಹ್ಮಸೂತ್ರಭಾಷ್ಯದಲ್ಲಿ ಆಕ್ಷೇಪಿಸಿದವರು ಶಂಕರರು. ಜೈನನ್ಯಾಯವಂತೂ ಸಂಶಯವನ್ನು ವಿಪರ್ಯಯ, ಅನಧ್ಯವಸಾಯಗಳೊಡನೆ ಜ್ಞಾನದ ದೋಷವೆಂದೇ ಎಣಿಸುತ್ತದೆ. ಪ್ರತಿವಾದಿ ಹೊರಿಸಿದ ಆರೋಪವನ್ನೇ ಬಿರುದೆಂದು ಧರಿಸಿ ಮೆರೆಯುವುದು ಎಂಥ ಅಭಿಮಾನ!

ಹಾಗೆಂದು ಅನೇಕಾಂತಕ್ಕೆ ಇಲ್ಲಿ ಕೆಲಸವಿಲ್ಲವೆಂದಲ್ಲ. ‘ಈ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ತೊಂಬತ್ತು ಭರವಸೆ’ ಎಂದು ವೈದ್ಯರು ಹೇಳಿದರೆಂದುಕೊಳ್ಳೋಣ. ಆ ತೊಂಬತ್ತು ಇರುವುದೆಲ್ಲಿ? ರಿಚರ್ಡ್ ಫಾನ್ ಮೀಸಸರ ಮತದಲ್ಲಿ ಅದು ಅಂಥ ರೋಗಿಗಳ ದೀರ್ಘ ಸರಣಿಗೆ ಸೇರಿದ್ದು. ಒಬ್ಬ ವ್ಯಕ್ತಿಯ ಬಗ್ಗೆ ಅದಕ್ಕೆ ಅರ್ಥವೇ ಇಲ್ಲ. ಕೇನ್ಸರು 1921ರ ಗ್ರಂಥದಲ್ಲಿ ಅದನ್ನು ಆಧಾರಕ್ಕೂ ನಿರ್ಣಯಕ್ಕೂ ಇರುವ ತಾರ್ಕಿಕ ಸಂಬಂಧವೆಂದರು. ಇಟಲಿಯ ದೆ ಫಿನೆಟ್ಟಿಯವರಿಗೆ ಅದು ಹೇಳುವವನ ನಂಬಿಕೆಯ ಪ್ರಮಾಣ ಮಾತ್ರ. ಹಾಸಿಗೆಯಲ್ಲಿ ಮಲಗಿರುವ ಆ ಒಬ್ಬ ತಾಯಿಯ ವಿಷಯದಲ್ಲಿ ಈ ಮೂರು ಮತಗಳು ಪರಸ್ಪರ ವಿರುದ್ಧ. ‘ಎಲ್ಲವೂ ಸರಿ’ ಎಂದು ಕೈತೊಳೆದುಕೊಳ್ಳುವುದು ಸೋಮಾರಿತನ. ಅದಕ್ಕೆ ಅನೇಕಾಂತವೆಂಬ ಹೆಸರು ಸಲ್ಲದು. ನಯವನ್ನರಿತವನು ಅಪೇಕ್ಷೆಯನ್ನು ಕೇಳುತ್ತಾನೆ: ಎಷ್ಟು ವಯಸ್ಸಿನವರಲ್ಲಿ, ರೋಗದ ಯಾವ ಹಂತದಲ್ಲಿ, ಎಲ್ಲಿ ಎಣಿಸಿದ ತೊಂಬತ್ತು? ಎಣಿಕೆಯೇ ಇಲ್ಲದೆ ಅನುಭವದಿಂದ ಹೇಳಿದ್ದೇ? ಅಪೇಕ್ಷೆಯನ್ನು ತಿಳಿದೂ ಮರೆಮಾಚಿದ ಅಂಕೆಯಿಂದ ಸತ್ಯಾಣುವ್ರತಕ್ಕೇ ಊನ.

ಪಾಠಶಾಲೆಯ ಪುಸ್ತಕಗಳಲ್ಲಿ ‘ಸ್ಯಾತ್’ಗೆ ‘ಬಹುಶಃ’ ಎಂದು ಅಚ್ಚಾಗಿರುವ ಕಡೆಗಳಲ್ಲಿ ಟ್ರಸ್ಟುಗಳು ಮುಂದಿನ ಮುದ್ರಣಕ್ಕೆ ಮುನ್ನ ಅದನ್ನು ಹೊಡೆದುಹಾಕಿ, ‘ಒಂದು ಅಪೇಕ್ಷೆಯಿಂದ’ ಎಂದು ತಿದ್ದಿಸಲಿ. ಇದಕ್ಕೆ ತಗಲುವ ಖರ್ಚು ಹೆಚ್ಚಿನದೇನಲ್ಲ.